ಕೇರೆ ಹಾವಿಗೆ ತೋಟದಲ್ಲೊಂದು ತಾವು

ಕಂಡ ಕೇರೆಯನ್ನೆಲ್ಲ ಹೊಡೆದು ಕೊಂದು, ಆಮೇಲೆ ಪೇಟೆಯಿಂದ ಇಲಿಪಾಷಾಣ ತರುವುದು ನಮ್ಮಲ್ಲಿ ಅನೇಕರ ರೂಢಿ. ಕೇರೆಗೆ ವಿಷವಿಲ್ಲ. ಏಲಕ್ಕಿ ಕಾಯಿ ಕೆಡಿಸುವ ಇಲಿಯೇ ಅದರ ಆಹಾರ. ಹಿಡಿದು ಪೆಟ್ಟಿಗೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಆದರೆ ತಾನಾಗಿ ಬಂದು ನಿಲ್ಲುವಂತೆ ತಾವು ಒದಗಿಸಲು ಅಡ್ಡಿಯಿಲ್ಲ, ಖರ್ಚೂ ಇಲ್ಲ.

ಸ್ಥಳದ ಆಯ್ಕೆಯೇ ಮುಖ್ಯ. ಮನೆ, ಲೈನುಮನೆ, ಕಣ, ಕೆಲಸದವರ ಕಾಲುದಾರಿ ಇವುಗಳಿಂದ ದೂರ, ನೀರು ನಿಲ್ಲದ, ಬೆಳಗಿನ ಬಿಸಿಲು ಬೀಳುವ ಅಂಚು ಬೇಕು. ಕೇರೆಗೆ ಒಗ್ಗಿದ ಸಂದು ನಾಗರಕ್ಕೂ ಒಗ್ಗುತ್ತದೆ. ಬಾಗಿಲಲ್ಲಿ ಹೆಸರು ಕೇಳಿ ಒಳಗೆ ಬಿಡುವವರಿಲ್ಲ.

ಕಾಡುಕಲ್ಲುಗಳನ್ನು ಸಂದು ಬಿಟ್ಟು ಮೊಣಕಾಲೆತ್ತರ ಪೇರಿಸಿ. ನಡುವೆ ಒಡಕು ಮಡಕೆಯನ್ನು ಅಡ್ಡ ಮಲಗಿಸಿ. ಮೇಲೆ ಹಳೆಯ ಮಂಗಳೂರು ಹೆಂಚು, ಅದರ ಮೇಲೆ ಅಡಿಕೆ ಸೋಗೆ. ಹಾಳೆಯೂ ಆದೀತು, ಆದರೆ ಹೊರನಾಡು, ಕಳಸದ ಮಳೆಗೆ ಬೇಗ ಕೊಳೆಯುತ್ತದೆ. ನೈಲಾನ್ ಬಲೆಯ ತುಂಡು ಹತ್ತಿರ ಬೇಡ. ಹಾವು ಸಿಕ್ಕಿಕೊಂಡು ಸಾಯುತ್ತದೆ.

ತರಗೆಲೆಯನ್ನು ತಾನೇ ಗುಡ್ಡೆ ಮಾಡಿ ಗೂಡು ಕಟ್ಟುವುದು ಕಾಳಿಂಗ. ಅಂಥದ್ದು ಕಂಡರೆ ದೂರವಿದ್ದು ಅರಣ್ಯ ಇಲಾಖೆಗೆ ತಿಳಿಸಬೇಕು. ಪಶ್ಚಿಮ ಘಟ್ಟದ ಈ ಹಾವನ್ನು ವಿಜ್ಞಾನಿಗಳು 2024ರಲ್ಲಿ ಪ್ರತ್ಯೇಕ ಜಾತಿಯೆಂದು ಗುರುತಿಸಿ, ನಮ್ಮ ಕಾಳಿಂಗವೆಂಬ ಹೆಸರನ್ನೇ ಕೊಟ್ಟಿದ್ದಾರೆ. ಅದಕ್ಕೆ ಕೇರೆಯೇ ಊಟ.

ಕಟ್ಟಿದ ಗುಡ್ಡೆಗೆ ಮತ್ತೆ ಕೈ ಹಾಕಬಾರದು. ಕಳೆ ತೆಗೆಯುವವರಿಗೆ ಜಾಗ ತೋರಿಸಿಡಿ. ಯಾವ ಹಾವೇ ಕಚ್ಚಲಿ, ಹಗ್ಗ ಬಿಗಿಯದೆ, ಗಾಯ ಕೊಯ್ಯದೆ, ಕಚ್ಚಿದ ಅಂಗ ಅಲುಗಿಸದೆ ನೇರ ಆಸ್ಪತ್ರೆಗೆ ಸಾಗಿಸತಕ್ಕದ್ದು.