ಮಂಜಿನಲ್ಲಿ ಆನೆ ಬಂದರೆ ಸೆನ್ಸರ್‌ಗೆ ಗೊತ್ತಾಗುತ್ತಾ?

ಕಾರಿಡಾರ್‌ನಲ್ಲಿ ನಡೆದರೆ ದೀಪ ಹತ್ತುವುದು ನಮಗೆಲ್ಲ ಮಾಮೂಲಿ. ಅದೇ ಸೆನ್ಸರನ್ನು ಮೂಡಿಗೆರೆ ತಾಲ್ಲೂಕಿನ ದೇವರಮನೆಗೆ ಒಯ್ದರೆ? ಅಲ್ಲಿ ಹುಲ್ಲುಗುಡ್ಡ, ಕಾಡು, ಕೆಳಗೆ ಕಾಫಿ ತೋಟ, ಮಳೆಗಾಲದಲ್ಲಿ ದಟ್ಟ ಮಂಜು. ಮೂಡಿಗೆರೆ ಕಡೆ ಬೆಳಿಗ್ಗೆ ತೋಟದ ಕೆಲಸಕ್ಕೆ ಹೊರಟವರಿಗೆ ಮುಂದಿನ ತಿರುವಿನಲ್ಲಿ ಆನೆ ಇದೆಯಾ ಅನ್ನೋದು ಜೀವದ ಪ್ರಶ್ನೆ. ಹಾಗಾಗಿ ಚಲನೆ ಪತ್ತೆ ಹಚ್ಚುವ ಮೂರು ವಿಧಾನಗಳನ್ನು ಈ ಜಾಗಕ್ಕೇ ಹೊಂದಿಸಿ ನೋಡೋಣ.

1. ಪಿಐಆರ್ (ಶಾಖ ನೋಡುವ ಸೆನ್ಸರ್)

ಪ್ರಾಣಿಯ ಮೈಯಿಂದ ಅತಿಗೆಂಪು ಕಿರಣ ಹೊರಡುತ್ತಲೇ ಇರುತ್ತದೆ. ಅದರ ತರಂಗದೂರ ಸುಮಾರು 10 ಮೈಕ್ರೋಮೀಟರ್. ಪಿಐಆರ್ ಒಳಗೆ ಪೈರೋಎಲೆಕ್ಟ್ರಿಕ್ ವಸ್ತುವಿನ ಎರಡು ತುಂಡುಗಳನ್ನು ವಿರುದ್ಧವಾಗಿ ಜೋಡಿಸಿರುತ್ತಾರೆ. ಎರಡಕ್ಕೂ ಒಂದೇ ಶಾಖ ತಾಗಿದರೆ ಸಂಕೇತ ಸೊನ್ನೆ. ಬಿಸಿ ಮೈ ಒಂದರ ಮುಂದಿಂದ ಇನ್ನೊಂದರ ಮುಂದೆ ಸರಿದರೆ ವೋಲ್ಟೇಜ್ ಏರಿ ಇಳಿಯುತ್ತದೆ. ಅಂದರೆ ಇದು ನೋಡುವುದು ಚಲನೆಯನ್ನಲ್ಲ, ಶಾಖದ ಬದಲಾವಣೆಯನ್ನು. ಆದ್ದರಿಂದ ಅಡ್ಡ ದಾಟುವ ಪ್ರಾಣಿ ಸುಲಭವಾಗಿ ಸಿಗುತ್ತದೆ, ನೇರ ಎದುರಿಗೆ ಬರುವುದು ಅಷ್ಟು ಸುಲಭಕ್ಕೆ ಸಿಗಲ್ಲ. ಮಂಜಿನ ಹನಿಗಳು ಈ ಕಿರಣವನ್ನು ಹೀರಿ ಚದುರಿಸುತ್ತವೆ. ಲೆನ್ಸ್ ಮೇಲೆ ನೀರು ಕೂತರೆ ಇನ್ನೂ ಕಷ್ಟ.

2. ಕ್ಯಾಮೆರಾ

ಹಿಂದಿನ ಚಿತ್ರದಿಂದ ಈಗಿನ ಚಿತ್ರವನ್ನು ಪಿಕ್ಸೆಲ್‌ಗೆ ಪಿಕ್ಸೆಲ್ ಕಳೆಯುತ್ತದೆ. ವ್ಯತ್ಯಾಸ ಮಿತಿ ಮೀರಿದರೆ ಅಲಾರಂ. ಆದರೆ ದೇವರಮನೆಯಲ್ಲಿ ಗಾಳಿಗೆ ಹುಲ್ಲು ಅಲ್ಲಾಡುತ್ತದೆ, ಮಂಜೂ ಓಡುತ್ತದೆ. ಕ್ಯಾಮೆರಾಗೆ ಎಲ್ಲವೂ ಚಲನೆಯೇ!

3. ಮೈಕ್ರೋವೇವ್ ರಾಡಾರ್

ಇದು ಡಾಪ್ಲರ್ ಪರಿಣಾಮ. 10.525 ಗಿಗಾಹರ್ಟ್ಸ್ ತರಂಗ ಕಳಿಸಿದಾಗ, ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಎದುರು ಬರುವ ಪ್ರಾಣಿಯಿಂದ ಮರಳುವ ತರಂಗದ ಆವರ್ತನ ಸುಮಾರು 70 ಹರ್ಟ್ಸ್ ಹೆಚ್ಚಿರುತ್ತದೆ. ಮಂಜು ಇದಕ್ಕೆ ಅಡ್ಡಿಯಲ್ಲ. ಜೋರು ಮಳೆ, ಅಲ್ಲಾಡುವ ಕೊಂಬೆ ಮಾತ್ರ ಮೋಸ ಮಾಡಬಹುದು.

ಕಾಡಿನಲ್ಲಿ ಈ ವಿದ್ಯೆಗೆ ನಮ್ಮ ರಾಜ್ಯದಲ್ಲೇ ದೊಡ್ಡ ಇತಿಹಾಸವಿದೆ. ಸುರತ್ಕಲ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಹುಲಿ ಎದುರು ಬಂದಾಗ ತಾನೇ ಫೋಟೋ ತೆಗೆಯುವ ಕ್ಯಾಮೆರಾಗಳನ್ನಿಟ್ಟು, ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿದರು. ಆ ಲೆಕ್ಕದ ವಿಧಾನದ ಪ್ರಬಂಧ 1995ರಲ್ಲಿ ಪ್ರಕಟವಾಯಿತು.

ಆದರೆ ಹುಲಿ ಎಣಿಸುವುದು ಬೇರೆ, ಆನೆ ಬಂತೆಂದು ಎಚ್ಚರಿಸುವುದು ಬೇರೆ. ಎಣಿಕೆಯಲ್ಲಿ ಒಂದು ಫೋಟೋ ತಪ್ಪಿದರೆ ಇನ್ನೊಂದು ದಿನ ಸಿಗಬಹುದು. ಎಚ್ಚರಿಕೆ ಒಮ್ಮೆ ತಪ್ಪಿದರೂ ಪ್ರಾಣ ಹೋಗಬಹುದು. ಹಾಗಂತ ಸುಮ್ಮಸುಮ್ಮನೆ ದಿನಕ್ಕೆ ಹತ್ತು ಸಲ ಸೈರನ್ ಕೂಗಿದರೆ ಹನ್ನೊಂದನೆಯದನ್ನು ಯಾರೂ ಕೇಳಲ್ಲ. ಪಿಐಆರ್, ರಾಡಾರ್ ಎರಡೂ ಹೌದು ಅಂದಾಗ ಮಾತ್ರ ಕೂಗಿಸಿದರೆ ಸುಳ್ಳು ಅಲಾರಂ ಕಡಿಮೆಯಾಗುತ್ತದೆ, ಆದರೆ ಮಂಜಿನ ದಿನ ಪಿಐಆರ್ ಸುಮ್ಮನಿದ್ದರೆ ನಿಜವಾದ ಆನೆಯೂ ತಪ್ಪುತ್ತದೆ. ಆದ್ದರಿಂದ ಮಂಜು ಕವಿದಾಗ ರಾಡಾರ್ ಒಂದೇ ಹೇಳಿದರೂ ಎಚ್ಚರಿಕೆ ಹೋಗಬೇಕು ಅನ್ನೋದು ನಮ್ಮ ಅಭಿಪ್ರಾಯ.

ನೀವೂ ಪ್ರಯೋಗ ಮಾಡಿ: ಲ್ಯಾಬ್‌ನಲ್ಲಿ ಪಿಐಆರ್ ಮುಂದೆ ಕಿಟಕಿಯ ಗಾಜು ಹಿಡಿದು, ಅದರಾಚೆ ಕೈ ಬೀಸಿ. ಕಣ್ಣಿಗೆ ಕೈ ಕಾಣುತ್ತದೆ, ಸೆನ್ಸರ್‌ಗೆ ಕಾಣಲ್ಲ. ಯಾಕೆ ಅಂತ ಈಗ ನೀವೇ ಹೇಳಬಹುದು.