ಮೂರು ಗುಂಪುಗಳ ಲೆಕ್ಕ: ವೈದ್ಯಕೀಯ, ನರ್ಸಿಂಗ್ ಓದುವ ಮಕ್ಕಳಿಗೆ ಅನೋವಾ ಪಾಠ

ನಮ್ಮ ಟ್ರಸ್ಟಿನ ವಿದ್ಯಾರ್ಥಿವೇತನ ಪಡೆಯುವವರಲ್ಲಿ ಎಂಬಿಬಿಎಸ್, ಬಿಎಸ್ಸಿ ನರ್ಸಿಂಗ್, ಫಾರ್ಮಸಿ ಓದುವ ಮಕ್ಕಳಿದ್ದಾರೆ. ಹೆಚ್ಚಿನವರು ನಂದಗುಡಿ ಹೋಬಳಿಯ ಕನ್ನಡ ಅಥವಾ ಉರ್ದು ಮಾಧ್ಯಮದ ಶಾಲೆಗಳಿಂದ ಹೋದವರು. ಉಳಿದ ವಿಷಯಗಳನ್ನು ಹೇಗೋ ಕಷ್ಟಪಟ್ಟು ದಾಟುತ್ತಾರೆ. ಕಮ್ಯುನಿಟಿ ಮೆಡಿಸಿನ್ ಪುಸ್ತಕದ ಸಂಖ್ಯಾಶಾಸ್ತ್ರದ ಅಧ್ಯಾಯ ಬಂದರೆ ಮಾತ್ರ ಪುಟ ಮಗುಚಿಬಿಡುತ್ತಾರೆ. ಒಂದು ಪೇಪರ್ ಉಳಿದರೂ ಮುಂದಿನ ವರ್ಷದ ಸಹಾಯಧನ ತಡೆಯಬೇಕಾಗುತ್ತದೆ ಎಂಬ ನಿಯಮ ನಿಮಗೆ ಗೊತ್ತೇ ಇದೆ. ಆದ್ದರಿಂದ ಈ ಸಲದ ವರದಿಯಲ್ಲಿ ಆ ಅಧ್ಯಾಯದ ಒಂದೇ ಒಂದು ವಿಷಯವನ್ನು ತೆಗೆದುಕೊಂಡಿದ್ದೇವೆ: ಅನಾಲಿಸಿಸ್ ಆಫ್ ವೇರಿಯನ್ಸ್, ಚಿಕ್ಕದಾಗಿ ಅನೋವಾ.

ಇದಕ್ಕೆ ಬೇಕಾದ ಗಣಿತವನ್ನು ನೀವು ಹೈಸ್ಕೂಲಿನಲ್ಲೇ ಕಲಿತಿದ್ದೀರಿ. ಸರಾಸರಿ ತೆಗೆಯುವುದು, ಪ್ರತಿ ಸಂಖ್ಯೆಯಿಂದ ಸರಾಸರಿಯನ್ನು ಕಳೆಯುವುದು, ಬಂದದ್ದನ್ನು ವರ್ಗ ಮಾಡಿ ಕೂಡುವುದು. ಮಾನಕ ವಿಚಲನೆಗೆಂದು ನಾವು ಬೋರ್ಡಿನ ಮೇಲೆ ಮಾಡಿಸುತ್ತಿದ್ದುದೂ ಇಷ್ಟನ್ನೇ. ಹೊಸದಾಗಿ ಕಲಿಯಬೇಕಾದದ್ದು ಬಹಳ ಕಡಿಮೆ.

ಲೆಕ್ಕಕ್ಕೆ ಮೊದಲು ಹೊಲಕ್ಕೆ ಹೋಗೋಣ. ಈ ವಿಧಾನ ಹುಟ್ಟಿದ್ದು ಆಸ್ಪತ್ರೆಯಲ್ಲಿ ಅಲ್ಲ, ಬೇಸಾಯದಲ್ಲಿ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ 1919ರಲ್ಲಿ ಸೇರಿದ ರೊನಾಲ್ಡ್ ಫಿಶರ್, 1923ರಲ್ಲಿ ಆಲೂಗಡ್ಡೆಯ ತಳಿ ಮತ್ತು ಗೊಬ್ಬರದ ಪ್ರಯೋಗಕ್ಕೆ ಇದನ್ನು ಬಳಸಿದರು. 1925ರಲ್ಲಿ ಪುಸ್ತಕವಾಗಿ ಬರೆದರು. ನೀವು ಕಲಿಯುವ ಎಫ್ ಪರೀಕ್ಷೆಯ ‘ಎಫ್’ ಅವರ ಹೆಸರಿನ ಮೊದಲ ಅಕ್ಷರ. ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಕೇಂಬ್ರಿಡ್ಜಿನಲ್ಲಿ ಇದೇ ಫಿಶರ್ ಅವರ ಬಳಿ ಪಿಎಚ್.ಡಿ. ಮಾಡಿದವರು. ಪರೀಕ್ಷೆಗೆ ಇದು ಬೇಕಾಗಿಲ್ಲ, ಆದರೆ ತಿಳಿದಿರಲಿ.

ನಮ್ಮ ಕಡೆಯ ರೈತನೊಬ್ಬ ಮೂರು ಬಗೆಯ ಗೊಬ್ಬರ ಹಾಕಿ ರಾಗಿ ಬೆಳೆದ ಎನ್ನಿ. ಒಂದೊಂದು ಗೊಬ್ಬರಕ್ಕೆ ನಾಲ್ಕು ನಾಲ್ಕು ತುಂಡು ಭೂಮಿ. ಮೂರನೇ ಗೊಬ್ಬರದ ಸರಾಸರಿ ಇಳುವರಿ ಹೆಚ್ಚು ಬಂತು. ಅದು ಗೊಬ್ಬರದ ಗುಣವೋ, ಆ ತುಂಡುಗಳು ಕೆರೆಯ ಕೆಳಗೆ ಬಿದ್ದಿದ್ದವೋ? ಒಂದೇ ಗೊಬ್ಬರ ಹಾಕಿದ ನಾಲ್ಕು ತುಂಡುಗಳಲ್ಲೂ ಇಳುವರಿ ಒಂದೇ ಸಮ ಇರುವುದಿಲ್ಲ. ದಿಣ್ಣೆ, ತಗ್ಗು, ನೀರು, ಮಣ್ಣು ಎಲ್ಲ ಸೇರಿ ಏರುಪೇರು ಇದ್ದೇ ಇರುತ್ತದೆ. ಗೊಬ್ಬರದಿಂದ ಗೊಬ್ಬರಕ್ಕೆ ಕಂಡ ವ್ಯತ್ಯಾಸ ಈ ದಿನನಿತ್ಯದ ಏರುಪೇರಿಗಿಂತ ಎಷ್ಟು ಪಟ್ಟು ದೊಡ್ಡದು ಎಂದು ಕೇಳುವುದೇ ಅನೋವಾ. ತುಂಡುಗಳ ಜಾಗದಲ್ಲಿ ರೋಗಿಗಳನ್ನು, ಗೊಬ್ಬರದ ಜಾಗದಲ್ಲಿ ಔಷಧಿಯನ್ನು ಇಡಿ.

ಈಗ ಲೆಕ್ಕ. ಅಂಕಿಗಳು ಪಾಠಕ್ಕೆಂದು ನಾವೇ ಹಾಕಿಕೊಂಡವು, ಯಾವ ಆಸ್ಪತ್ರೆಯವೂ ಅಲ್ಲ. ರಕ್ತಹೀನತೆ ಇರುವ ಹನ್ನೆರಡು ಮಹಿಳೆಯರನ್ನು ಚೀಟಿ ಎತ್ತಿ ಮೂರು ಗುಂಪು ಮಾಡಿದೆವು. ಮೊದಲ ಗುಂಪಿಗೆ ಊಟದ ಸಲಹೆ ಮಾತ್ರ, ಎರಡನೆಯದಕ್ಕೆ ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ, ಮೂರನೆಯದಕ್ಕೆ ದಿನವೂ ಮಾತ್ರೆ. ಮೂರು ತಿಂಗಳ ನಂತರ ಹಿಮೋಗ್ಲೋಬಿನ್ ಹೀಗಿದೆ:

ಮೊದಲ ಗುಂಪು: 9, 10, 10, 11. ಸರಾಸರಿ 10.
ಎರಡನೇ ಗುಂಪು: 10, 11, 11, 12. ಸರಾಸರಿ 11.
ಮೂರನೇ ಗುಂಪು: 11, 12, 12, 13. ಸರಾಸರಿ 12.

ಹನ್ನೆರಡೂ ಸೇರಿ ಒಟ್ಟು ಸರಾಸರಿ 11. ಗುಂಪುಗಳ ಸರಾಸರಿ ಇದರಿಂದ 1, 0, 1ರಷ್ಟು ದೂರ. ವರ್ಗ ಮಾಡಿ, ಗುಂಪಿನಲ್ಲಿ ನಾಲ್ವರಿರುವುದರಿಂದ 4ರಿಂದ ಗುಣಿಸಿ ಕೂಡಿದರೆ 8. ಇದು ಗುಂಪುಗಳ ನಡುವಿನ ಏರುಪೇರು. ಇನ್ನು ಪ್ರತಿ ಗುಂಪಿನ ಒಳಗೆ, ಆ ಗುಂಪಿನ ಸರಾಸರಿಯಿಂದ ದೂರದ ವರ್ಗಗಳು 1, 0, 0, 1, ಮೊತ್ತ 2. ಮೂರು ಗುಂಪಿಗೆ 6. ಇದು ಒಳಗಿನ ಏರುಪೇರು. ತಾಳೆ ನೋಡಬೇಕಾದರೆ ಹನ್ನೆರಡು ಸಂಖ್ಯೆಗಳನ್ನೂ ನೇರವಾಗಿ 11ರಿಂದ ಕಳೆದು ವರ್ಗ ಮಾಡಿ ಕೂಡಿ. 14 ಬರುತ್ತದೆ, ಅಂದರೆ 8 ಮತ್ತು 6. ಪರೀಕ್ಷೆಯಲ್ಲಿ ಈ ತಾಳೆಯನ್ನು ತಪ್ಪದೆ ನೋಡಿ.

ಇವನ್ನು ಡಿಗ್ರೀಸ್ ಆಫ್ ಫ್ರೀಡಂನಿಂದ ಭಾಗಿಸಬೇಕು. ಗುಂಪು ಮೂರು, ಒಂದು ಕಳೆದರೆ 2. ಜನ ಹನ್ನೆರಡು, ಗುಂಪು ಮೂರನ್ನು ಕಳೆದರೆ 9. 8ನ್ನು 2ರಿಂದ ಭಾಗಿಸಿದರೆ 4; 6ನ್ನು 9ರಿಂದ ಭಾಗಿಸಿದರೆ 0.667. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಎಫ್ ಬೆಲೆ 6. ಟೇಬಲ್‌ನಲ್ಲಿ 2 ಮತ್ತು 9ಕ್ಕೆ ಶೇ. 5ರ ಮಟ್ಟದ ಬೆಲೆ 4.26. ನಮ್ಮದು ಅದಕ್ಕಿಂತ ದೊಡ್ಡದು. ಮೂರೂ ಗುಂಪಿನ ಸರಾಸರಿ ಒಂದೇ ಎಂಬ ನಲ್ ಹೈಪಾಥಿಸಿಸ್ ಅನ್ನು ಕೈಬಿಡುತ್ತೇವೆ.

ಇಲ್ಲಿಗೆ ಪುಸ್ತಕದ ಪಾಠ ಮುಗಿಯುತ್ತದೆ, ಆದರೆ ನಮಗೆ ಮುಖ್ಯವಾದದ್ದು ಇದರ ಮುಂದಿನದು. ಸರಾಸರಿಗಳನ್ನು ಹಾಗೆಯೇ ಇಟ್ಟು ಒಳಗಿನ ಅಂಕಿಗಳನ್ನು ಬದಲಿಸಿ: ಮೊದಲ ಗುಂಪು 7, 9, 11, 13, ಎರಡನೆಯದು 8, 10, 12, 14, ಮೂರನೆಯದು 9, 11, 13, 15. ಸರಾಸರಿ ಈಗಲೂ 10, 11, 12. ನಡುವಿನ ಏರುಪೇರು ಅದೇ 8. ಒಳಗಿನದು ಮಾತ್ರ 60 ಆಯಿತು. ಎಫ್ ಬೆಲೆ 6 ಇದ್ದದ್ದು 0.6ಕ್ಕೆ ಇಳಿಯಿತು. ಟೇಬಲ್ ನೋಡುವ ಅಗತ್ಯವೂ ಇಲ್ಲ. ಔಷಧ ಕಂಪನಿಯ ಕರಪತ್ರದಲ್ಲಿ ‘10ರಿಂದ 12ಕ್ಕೆ ಏರಿತು’ ಎಂದು ಬಣ್ಣದ ಕಂಬ ಬರೆದು ತೋರಿಸಿದರೆ, ಆ ಕಂಬದಿಂದ ಮೊದಲ ಪಟ್ಟಿಯೋ ಎರಡನೇ ಪಟ್ಟಿಯೋ ಎಂದು ತಿಳಿಯುವುದಿಲ್ಲ. ನಾಳೆ ನೀವು ಬರೆದ ಚೀಟಿ ಹಿಡಿದು ಕೂಲಿಯ ಹಣದಲ್ಲಿ ಮಾತ್ರೆ ಕೊಳ್ಳುವವರು ನಮ್ಮ ನೆರೆಯವರೇ.

‘ಎರಡೆರಡು ಗುಂಪು ತೆಗೆದುಕೊಂಡು ಮೂರು ಸಲ ಟಿ ಟೆಸ್ಟ್ ಮಾಡಿದರೆ ಆಗದೆ?’ ಎಂದು ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಪ್ರತಿ ಟೆಸ್ಟಿನಲ್ಲೂ ಇಲ್ಲದ ವ್ಯತ್ಯಾಸವನ್ನು ಇದೆ ಎನ್ನುವ ಅಪಾಯ ಶೇ. 5 ಇರುತ್ತದೆ. ಮೂರು ಸಲ ಮಾಡಿದರೆ ಒಂದರಲ್ಲಾದರೂ ಹಾಗಾಗುವ ಅಪಾಯ ಸುಮಾರು ಶೇ. 14. ಐದು ಗುಂಪಾದರೆ ಹತ್ತು ಜೋಡಿ, ಅಪಾಯ ಸುಮಾರು ಶೇ. 40. ಅನೋವಾ ಒಂದೇ ಸಲಕ್ಕೆ ಕೇಳಿ ಅಪಾಯವನ್ನು ಶೇ. 5ರಲ್ಲೇ ನಿಲ್ಲಿಸುತ್ತದೆ.

ಆದರೆ ಯಾವ ಗುಂಪು ಯಾವುದಕ್ಕಿಂತ ಬೇರೆ ಎಂದು ಅನೋವಾ ಹೇಳುವುದಿಲ್ಲ. ವೈವಾದಲ್ಲಿ ಮಕ್ಕಳು ಸಿಕ್ಕಿಬೀಳುವುದು ಇಲ್ಲೇ. ಅದಕ್ಕೆ ಟ್ಯೂಕಿ, ಬಾನ್‌ಫೆರೋನಿ ಮುಂತಾದ ಪೋಸ್ಟ್ ಹಾಕ್ ಪರೀಕ್ಷೆಗಳಿವೆ. ನಮ್ಮ ಮೊದಲ ಪಟ್ಟಿಗೆ ಟ್ಯೂಕಿ ಮಾಡಿದರೆ 1.61ಕ್ಕಿಂತ ಹೆಚ್ಚಿನ ಅಂತರವೇ ಲೆಕ್ಕಕ್ಕೆ ಬರುವುದು. ಊಟದ ಸಲಹೆಗೂ ದಿನದ ಮಾತ್ರೆಗೂ ಇರುವ ಅಂತರ 2, ಆಯಿತು. ವಾರದ ಮಾತ್ರೆಗೆ ಎರಡು ಕಡೆಯೂ ಅಂತರ 1 ಮಾತ್ರ, ಏನೂ ಹೇಳುವಂತಿಲ್ಲ.

ಬಹು ಆಯ್ಕೆಯ ಪ್ರಶ್ನೆ ಬರೆಯುವವರು ಇಷ್ಟು ಗಮನಿಸಿ. ಅದೇ ರೋಗಿಗಳನ್ನು ಮೂರು ಸಲ ಅಳೆದಿದ್ದರೆ ರಿಪೀಟೆಡ್ ಮೆಷರ್ಸ್ ಅನೋವಾ. ಅಂಕಿಗಳು ನಾರ್ಮಲ್ ಹಂಚಿಕೆಯಲ್ಲಿ ಇಲ್ಲದಿದ್ದರೆ ಕ್ರಸ್ಕಲ್ ವಾಲಿಸ್. ಗುಣವಾದವರು, ಆಗದವರು ಎಂದು ತಲೆ ಎಣಿಸಿದ್ದರೆ ಕೈ ಸ್ಕ್ವೇರ್, ಅಲ್ಲಿ ಅನೋವಾ ಸಲ್ಲದು.

ಅಭ್ಯಾಸಕ್ಕೆ ಒಂದು ಲೆಕ್ಕ: ಮೊದಲ ಪಟ್ಟಿಯ ಮೊದಲ ಎರಡು ಗುಂಪನ್ನು ಮಾತ್ರ ತೆಗೆದುಕೊಂಡು ಟಿ ಟೆಸ್ಟನ್ನೂ ಅನೋವಾವನ್ನೂ ಮಾಡಿ. ಎಫ್ 3 ಬರಬೇಕು, ಟಿ ಬೆಲೆಯ ವರ್ಗವೂ 3 ಆಗಬೇಕು. ನವೀಕರಣದ ಅರ್ಜಿಗೆ ಅಂಕಪಟ್ಟಿಯ ಜೆರಾಕ್ಸ್ ತರುವಾಗ ಈ ಹಾಳೆಯನ್ನೂ ತನ್ನಿ, ಕೂತು ನೋಡಿಕೊಡುತ್ತೇವೆ.