ಕರಾರಿಲ್ಲದ ಮಳಿಗೆಯಲ್ಲಿ ಗಿರಾಕಿ ಜಾರಿ ಬಿದ್ದರೆ?

ಅಡ್ವಾನ್ಸ್ ಕೊಟ್ಟು, ಬೀಗದ ಕೈ ಪಡೆದು, ಬಾಯಿಮಾತಿನಲ್ಲೇ ವರ್ಷಗಟ್ಟಲೆ ಅಂಗಡಿ ನಡೆಸುವವರು ನಮ್ಮ ಪೇಟೆಗಳಲ್ಲಿ ಬೇಕಾದಷ್ಟಿದ್ದಾರೆ. ಬಾಡಿಗೆ ಸರಿಯಾಗಿ ಸಲ್ಲುತ್ತಿರುವವರೆಗೆ ಕಾಗದದ ನೆನಪು ಯಾರಿಗೂ ಬರುವುದಿಲ್ಲ. ಒದ್ದೆ ನೆಲದಲ್ಲಿ ಗಿರಾಕಿಯೊಬ್ಬರು ಜಾರಿ ಸೊಂಟ ಮುರಿದುಕೊಂಡ ದಿನ ಮಾಲೀಕರು ಬಾಡಿಗೆದಾರರತ್ತ, ಬಾಡಿಗೆದಾರರು ಮಾಲೀಕರತ್ತ ಬೆರಳು ತೋರಿಸುತ್ತಾರೆ. ಕರಾರು ಇಲ್ಲ ಎಂದಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ. ಅದನ್ನು ಹಂಚಿಕೊಳ್ಳುವುದು ಕಷ್ಟವಾಗುತ್ತದೆ, ಅಷ್ಟೇ.

1. ನಿಮ್ಮ ಸ್ಥಾನ ತಿಳಿಯಿರಿ
1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ ನೋಂದಣಿ ಬೇಕು. ಅದಕ್ಕಿಂತ ಕಡಿಮೆ ಅವಧಿಯದು ಬಾಯಿಮಾತಿನಲ್ಲೇ ಆಗಬಹುದು. ಆದರೆ ಜಾಗ ವಶಕ್ಕೆ ಬಂದಿರಬೇಕು. ಬೇರೆ ಒಪ್ಪಂದವಿಲ್ಲದಿದ್ದರೆ ಅಂಗಡಿಯ ಬಾಡಿಗೆ ತಿಂಗಳ ಲೆಕ್ಕದ್ದು, 15 ದಿನಗಳ ನೋಟಿಸಿನಲ್ಲಿ ಮುಗಿಸಬಹುದಾದದ್ದು. ಅಂದರೆ ಕಾಗದವಿಲ್ಲದಿದ್ದರೂ ನೀವು ಬಾಡಿಗೆದಾರರೇ.

2. ಯಾವ ಜಾಗ ಯಾರ ಕೈಯಲ್ಲಿದೆ?
ಪರಿಹಾರದ ಪ್ರಶ್ನೆ ಬಂದಾಗ ಮೊದಲು ನೋಡುವುದು ಇದನ್ನೇ. ಮಳಿಗೆಯೊಳಗಿನ ನೆಲ, ಒಲೆ, ಜೋಡಿಸಿಟ್ಟ ಸಾಮಾನು, ನೇತಾಡುವ ವೈರು ನಿಮ್ಮ ಪಾಲು. ಎಲ್ಲರೂ ಬಳಸುವ ಮೆಟ್ಟಿಲು, ತಾರಸಿ, ನೀರಿನ ಟ್ಯಾಂಕು ಸಾಮಾನ್ಯವಾಗಿ ಮಾಲೀಕರ ಹಿಡಿತದಲ್ಲಿರುತ್ತವೆ. ‘ಶಿಥಿಲವಾಗಿತ್ತೆಂದು ಗೊತ್ತಿರಲಿಲ್ಲ’ ಎಂಬ ಮಾತೂ ಎಲ್ಲ ಕಡೆ ನಡೆಯದು. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದ ಪ್ರಕರಣದಲ್ಲಿ, ರಸ್ತೆ ಪಕ್ಕದ ಕಟ್ಟಡದ ದುರಸ್ತಿಯ ಹೊಣೆಯಿಂದ ಅದರ ಒಡೆತನ ಹೊಂದಿದ್ದ ಪಾಲಿಕೆ ತಪ್ಪಿಸಿಕೊಳ್ಳಲಾಗದೆಂದು ಸುಪ್ರೀಂ ಕೋರ್ಟ್ 1966ರಲ್ಲಿ ಹೇಳಿತು. ಹಾಗೆಂದು, ಸಜ್ಜಾ ಬಿರುಕು ಬಿಟ್ಟದ್ದು ಕಂಡೂ ಅದರಡಿ ಗಿರಾಕಿಗಳನ್ನು ಕೂರಿಸಿದರೆ ನೀವೂ ಪಾಲುದಾರರೇ.

3. ದೋಷವನ್ನು ಬರಹದಲ್ಲಿ ತಿಳಿಸಿ
ಫೋಟೊ ಸಮೇತ ಮಾಲೀಕರಿಗೆ ವಾಟ್ಸ್‌ಆ್ಯಪ್ ಸಂದೇಶ ಕಳಿಸಿ. ದೊಡ್ಡ ದೋಷವಾದರೆ ಸ್ಪೀಡ್ ಪೋಸ್ಟ್‌ನಲ್ಲೂ ಪತ್ರ ಹಾಕಿ. ಮಾಲೀಕರು ಮಾಡಿಸಲೇಬೇಕಾದ ದುರಸ್ತಿಯನ್ನು ಸೂಚನೆ ಕೊಟ್ಟ ಮೇಲೂ ಸಕಾಲದಲ್ಲಿ ಮಾಡಿಸದಿದ್ದರೆ, ನೀವೇ ಮಾಡಿಸಿ ಬಾಡಿಗೆಯಲ್ಲಿ ಕಳೆಯಲು ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ತೊಡಕೆಂದರೆ, ಯಾವ ದುರಸ್ತಿ ಅವರದೆಂದು ತೋರಿಸಲು ಕಾಗದವೇ ಬೇಕು.

4. ತಡವಾದರೂ ಕರಾರು ಮಾಡಿಕೊಳ್ಳಿ
11 ತಿಂಗಳ ಕರಾರಾದರೂ ಸರಿ, ಈ ಮೂರು ಸಂಗತಿ ಇರಲಿ: ಬಾಡಿಗೆಗೆ ಸೇರಿದ ಜಾಗದ ಗಡಿ, ಯಾವ ದುರಸ್ತಿ ಯಾರದು, ಎಷ್ಟು ದಿನದೊಳಗೆ. ಅಂಗಡಿ ವಿಮೆ ಕೊಳ್ಳುವಾಗ ‘ಹೊರಗಿನವರಿಗೆ ಪೆಟ್ಟಾದರೆ ಪರಿಹಾರ ಸಿಗುತ್ತದೆಯೇ’ ಎಂದು ಕೇಳಿ. ಬೆಂಕಿ ವಿಮೆಯೊಂದೇ ಇದ್ದರೆ ಅದು ಸಾಲದು.

5. ಅವಘಡದ ದಿನ
ಮೊದಲು ಆಸ್ಪತ್ರೆ, ಆಮೇಲೆ ಮಾತು. ಜಾಗ ತೊಳೆಯುವ ಮುನ್ನ ಫೋಟೊ ತೆಗೆಯಿರಿ. ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮುನ್ನ ಉಳಿಸಿಕೊಳ್ಳಿ. ಕಂಡವರ ಹೆಸರು, ಫೋನ್ ನಂಬರ್ ಬರೆದಿಡಿ. ವಿಮೆ ಕಂಪನಿಗೆ ಕೂಡಲೇ ತಿಳಿಸಿ.

6. ದೂರು ಬಂದರೆ
ಹಣ ಕೊಟ್ಟು ಸೇವೆ ಪಡೆದ ಗಿರಾಕಿ ಎರಡು ವರ್ಷದೊಳಗೆ ಗ್ರಾಹಕರ ಆಯೋಗಕ್ಕೆ ಹೋಗಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಿರ್ಲಕ್ಷ್ಯವೂ ಸೇವಾ ನ್ಯೂನತೆಯೇ. ಪೊಲೀಸ್ ಪ್ರಕರಣವಾದರೆ ಭಾರತೀಯ ನ್ಯಾಯ ಸಂಹಿತೆಯ 125ನೇ ಸೆಕ್ಷನ್ ಅಡಿ ತೀವ್ರ ಗಾಯಕ್ಕೆ 3 ವರ್ಷದವರೆಗೆ, ಸಾವಾದರೆ 106ನೇ ಸೆಕ್ಷನ್ ಅಡಿ 5 ವರ್ಷದವರೆಗೆ ಜೈಲು ಸಾಧ್ಯ. ‘ಅಪಘಾತಕ್ಕೆ ನಾವು ಹೊಣೆಯಲ್ಲ’ ಎಂಬ ಬೋರ್ಡು ನಿರ್ಲಕ್ಷ್ಯವನ್ನು ಮುಚ್ಚುವುದಿಲ್ಲ. ನೋಟಿಸು ಕೈಗೆ ಬಂದರೆ ವಕೀಲರನ್ನು ಕಾಣಿ. ಸಂದೇಶ, ಬಾಡಿಗೆಯ ಯುಪಿಐ ದಾಖಲೆ, ದುರಸ್ತಿ ಬಿಲ್ಲು ಜತೆಗಿರಲಿ.

ಇಂದು ರಾತ್ರಿ ಶೆಟರ್ ಎಳೆಯುವ ಮುನ್ನ ಬಾಗಿಲಿನಿಂದ ಗಲ್ಲಾದವರೆಗೆ ಗಿರಾಕಿಯಂತೆ ಒಮ್ಮೆ ನಡೆದು ನೋಡಿ. ಕಾಲಿಗೆ ತೊಡರಿದ್ದು ನಿಮ್ಮದಾದರೆ ಈಗಲೇ ಸರಿಪಡಿಸಿ. ಮಾಲೀಕರದಾದರೆ ಬೆಳಿಗ್ಗೆಯೇ ಫೋಟೊ ಕಳಿಸಿ.